ಬಾಟಲಿ ಮೇಲಿನ ಲೈಸೆನ್ಸ್ ನಂಬರ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಕಲಬುರಗಿ, ಬೀದರ್, ಯಾದಗಿರಿ ಕಡೆ ಬಸ್ ನಿಲ್ದಾಣದ ಸುತ್ತಮುತ್ತಲ ಗೋಡೆ ನೋಡಿದರೆ ಸಾಕು. ‘ಶುಗರ್ ಬುಡಸಮೇತ ಮಾಯ’, ‘ಕಿಡ್ನಿ ಹರಳಿಗೆ ಆಪರೇಷನ್ ಬೇಡ’, ‘ಲಕ್ವಾ ಹೊಡೆದವರು ಎದ್ದು ನಡೆದಾಡುತ್ತಾರೆ’. ಕೆಳಗೊಂದು ಮೊಬೈಲ್ ನಂಬರ್. ಇದೇ ಮಾತು ಈಗ ಗೋಡೆ ಬಿಟ್ಟು ಫೋನಿನೊಳಗೂ ಬಂದಿದೆ. ಕಾಯಿಲೆ ವಾಸಿ ಮಾಡುತ್ತೇವೆ ಎನ್ನುವ ಇಂಥ ಜಾಹೀರಾತುಗಳ ಬಗ್ಗೆ ಸುಪ್ರೀಂ ಕೋರ್ಟ್‌ನಲ್ಲಿ ಮೂರು ವರ್ಷ ನಡೆದ ಪ್ರಕರಣ 2025ರ ಆಗಸ್ಟ್ 11ರಂದು ಮುಗಿಯಿತು. ಮುಗಿದ ರೀತಿ ಮಾತ್ರ ಓದುಗರ ತಲೆಯಲ್ಲಿ ಗೊಂದಲ ಉಳಿಸಿತು. ‘ಸುಳ್ಳು ಜಾಹೀರಾತಿಗೆ ಕೋರ್ಟ್ ಛೀಮಾರಿ’ ಅಂತ ಅಷ್ಟು ದಿನ ಓದಿದ್ದೆವು. ಕೊನೆಗೆ ಓದಿದ್ದು ‘ಜಾಹೀರಾತಿಗೆ ಮೊದಲೇ ಅನುಮತಿ ಬೇಕಿಲ್ಲ’ ಅಂತ. ಹಾಗಾದರೆ ಇನ್ನು ಮೇಲೆ ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ ಯಾರು ಬೇಕಾದರೂ ಸಾರಬಹುದಾ?

ಇಲ್ಲ, ಸಾರುವಂತಿಲ್ಲ. ಆದರೆ ಸಾರುವವರನ್ನು ತಡೆಯುವ ಕೆಲಸ ಮೊದಲಿಗಿಂತ ಕಷ್ಟವಾಗಿದೆ. ಯಾಕೆ ಅಂತ ಸ್ವಲ್ಪ ನಿಧಾನವಾಗಿ ನೋಡಬೇಕು.

ಬಂದು ಹೋದ ಒಂದು ನಿಯಮ

ಆಯುರ್ವೇದ, ಸಿದ್ಧ, ಯುನಾನಿ ಔಷಧಗಳ ಜಾಹೀರಾತಿಗೆ ಲಗಾಮು ಹಾಕಲು ಕೇಂದ್ರ ಸರ್ಕಾರ 2018ರ ಡಿಸೆಂಬರ್‌ನಲ್ಲಿ ಒಂದು ನಿಯಮ ತಂದಿತು. 1945ರ ಔಷಧ ನಿಯಮಾವಳಿಯಲ್ಲಿ ಅದರ ಸಂಖ್ಯೆ 170. ಅದು ಹೇಳಿದ್ದು ಇಷ್ಟು: ಇಂಥ ಕಾಯಿಲೆಗೆ ನಮ್ಮ ಔಷಧ ಅಂತ ಜಾಹೀರಾತು ಕೊಡುವ ಮೊದಲು ರಾಜ್ಯದ ಲೈಸೆನ್ಸ್ ಅಧಿಕಾರಿಗೆ ತೋರಿಸಬೇಕು. ಅವರು ಒಪ್ಪಿ ಒಂದು ಗುರುತಿನ ಸಂಖ್ಯೆ ಕೊಡಬೇಕು. ಸಂಖ್ಯೆ ಸಿಗದಿದ್ದರೆ ಜಾಹೀರಾತು ಹಾಕುವಂತಿಲ್ಲ.

ಔಷಧ ತಯಾರಕರಿಗೆ ಇದು ಹಿಡಿಸಲಿಲ್ಲ. ಕೆಲವರು ಹೈಕೋರ್ಟ್ ಮೆಟ್ಟಿಲು ಹತ್ತಿದರು. ಈ ಮಧ್ಯೆ 2022ರಲ್ಲಿ ಭಾರತೀಯ ವೈದ್ಯಕೀಯ ಸಂಘ ಸುಪ್ರೀಂ ಕೋರ್ಟ್‌ಗೆ ಹೋಯಿತು. ಪತಂಜಲಿ ಆಯುರ್ವೇದ ಕಂಪನಿಯ ಜಾಹೀರಾತುಗಳು ಜನರನ್ನು ದಾರಿ ತಪ್ಪಿಸುತ್ತಿವೆ, ಆಧುನಿಕ ವೈದ್ಯಪದ್ಧತಿಯನ್ನು ಹೀಗಳೆಯುತ್ತಿವೆ ಎನ್ನುವುದು ಅದರ ದೂರು. ಕೋರ್ಟ್‌ಗೆ ಇಂಥ ಜಾಹೀರಾತು ಕೊಡುವುದಿಲ್ಲ ಅಂತ ಕಂಪನಿ ಕೊಟ್ಟ ಮಾತು ಮೀರಿದ್ದಕ್ಕೆ ನ್ಯಾಯಾಂಗ ನಿಂದನೆ ಪ್ರಕರಣವಾಯಿತು. 2024ರ ಏಪ್ರಿಲ್‌ನಲ್ಲಿ ಕಂಪನಿ ಪತ್ರಿಕೆಗಳಲ್ಲಿ ಕ್ಷಮಾಪಣೆ ಪ್ರಕಟಿಸಿತು. ಆ ವರ್ಷದ ಆಗಸ್ಟ್‌ನಲ್ಲಿ ಕ್ಷಮೆ ಒಪ್ಪಿಕೊಂಡು ನಿಂದನೆ ಪ್ರಕರಣವನ್ನು ಕೋರ್ಟ್ ಮುಗಿಸಿತು.

ಇದೆಲ್ಲ ನಡೆಯುತ್ತಿರುವಾಗಲೇ 170ರ ಕತೆ ಬೇರೆ ದಿಕ್ಕಿಗೆ ಹೊರಳಿತ್ತು. ಈ ನಿಯಮದಡಿ ಕ್ರಮ ತೆಗೆದುಕೊಳ್ಳಬೇಡಿ ಅಂತ 2023ರ ಆಗಸ್ಟ್‌ನಲ್ಲಿ ಆಯುರ್ವೇದ, ಯುನಾನಿಯಂಥ ಪದ್ಧತಿಗಳನ್ನು ನೋಡಿಕೊಳ್ಳುವ ಕೇಂದ್ರದ ಆಯುಷ್ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆಯಿತು. 2024ರ ಜುಲೈ 1ರಂದು ನಿಯಮವನ್ನೇ ತೆಗೆದುಹಾಕಿತು. ಆಗಸ್ಟ್ 27ರಂದು ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಹಾಗಾಗಿ ನಿಯಮ ಇನ್ನೊಂದು ವರ್ಷ ಉಳಿಯಿತು. ಕೊನೆಗೆ, ಸರ್ಕಾರವೇ ತೆಗೆದ ನಿಯಮವನ್ನು ಮತ್ತೆ ಜಾರಿಗೆ ತರುವುದು ತನ್ನ ಕೆಲಸವಲ್ಲ ಎಂದ ಕೋರ್ಟ್ ಆ ತಡೆಯನ್ನೂ ತೆರವು ಮಾಡಿತು.

ಸಚಿವಾಲಯದ ಕಡೆಯ ವಾದ ಏನು? ಸುಳ್ಳು ಹೇಳುವವರಿಗೆ ಶಿಕ್ಷೆ ಕೊಡಲು 1954ರಿಂದಲೇ ಒಂದು ಕಾಯ್ದೆ ಇದೆ, ಅದರ ಮೇಲೆ ಇನ್ನೊಂದು ಯಾಕೆ ಎನ್ನುವುದು. ಅಲೋಪಥಿ ವೈದ್ಯರ ವಾದ ಇದಕ್ಕೆ ಎದುರು: ಜಾಹೀರಾತು ನೋಡಿ ರೋಗಿ ಮಾತ್ರೆ ಬಿಟ್ಟ ಮೇಲೆ ಶಿಕ್ಷೆ ಕೊಟ್ಟರೆ ರೋಗಿಗೆ ಏನು ಬಂತು? ನನಗೆ ಎರಡನೆಯ ವಾದವೇ ಜಾಸ್ತಿ ತೂಕದ್ದು ಅನಿಸುತ್ತದೆ. ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ಭಾಗದಲ್ಲಿ ಗೋಡೆಗೆ ಚೀಟಿ ಅಂಟಿಸುವವರು, ಹೆದ್ದಾರಿ ಪಕ್ಕ ಟೆಂಟ್ ಹಾಕುವವರು ಆ ನಿಯಮ ಇದ್ದಾಗಲೂ ಯಾರ ಅನುಮತಿಗೂ ಕಾದವರಲ್ಲ.

54 ಕಾಯಿಲೆಗಳ ಪಟ್ಟಿ

ಇನ್ನೂ ಜಾರಿಯಲ್ಲಿರುವ ಆ 1954ರ ಕಾಯ್ದೆ ಬಹಳ ಜನರಿಗೆ ಗೊತ್ತಿಲ್ಲ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯುವ ಕಾಯ್ದೆ ಅದು. ಅದರ ಕೊನೆಯಲ್ಲಿ 54 ಕಾಯಿಲೆಗಳ ಪಟ್ಟಿ ಇದೆ. ಕ್ಯಾನ್ಸರ್, ಸಕ್ಕರೆ ಕಾಯಿಲೆ, ಹೃದ್ರೋಗ, ಬಿಪಿ, ಲಕ್ವಾ, ಮೂರ್ಛೆ ರೋಗ, ಕುಷ್ಠ, ಕ್ಷಯ, ಕಿಡ್ನಿ ಹರಳು, ತೊನ್ನು, ಬಂಜೆತನ, ಬೊಜ್ಜು ಎಲ್ಲ ಅದರಲ್ಲಿವೆ. ಇವನ್ನು ವಾಸಿ ಮಾಡುತ್ತೇವೆ ಅಂತ ಜನರಿಗೆ ಜಾಹೀರಾತು ಕೊಡುವುದೇ ಅಪರಾಧ. ಔಷಧ ಯಾವ ಪದ್ಧತಿಯದು ಎನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅಲೋಪಥಿಯವರಿಗೂ ಅದೇ ಕಾನೂನು, ಆಯುರ್ವೇದ ವೈದ್ಯರಿಗೂ ಅದೇ, ಯುನಾನಿ ಹಕೀಮರಿಗೂ ಅದೇ. ತಾಯತ, ಮಂತ್ರದಿಂದ ವಾಸಿ ಮಾಡುತ್ತೇವೆ ಎಂದರೂ ತಪ್ಪೇ. ಮೊದಲ ಸಲ ಸಿಕ್ಕಿಬಿದ್ದರೆ 6 ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಮತ್ತೆ ಮಾಡಿದರೆ 1 ವರ್ಷದವರೆಗೆ.

ಅಂದರೆ ಮೇಲೆ ಹೇಳಿದ ಆ ಮೂರು ಗೋಡೆ ಬರಹಗಳೂ ಇಂದಿಗೂ ಕಾನೂನಿಗೆ ವಿರುದ್ಧವೇ. 170 ಹೋಗಿದ್ದರಿಂದ ಅವು ಸಕ್ರಮ ಆಗಿಲ್ಲ. ಆದ ಬದಲಾವಣೆ ಒಂದೇ. ಮೊದಲು ಕಂಪನಿ ತಾನಾಗಿ ಹೋಗಿ ಅನುಮತಿ ಕೇಳಬೇಕಿತ್ತು. ಈಗ ಜಾಹೀರಾತು ಬಂದ ಮೇಲೆ ಬೇರೆ ಯಾರೋ ನೋಡಬೇಕು, ದೂರು ಕೊಡಬೇಕು, ಅಧಿಕಾರಿ ಬರಬೇಕು, ಕೇಸು ನಡೆಯಬೇಕು.

ಬಾಟಲಿ ಕೈಯಲ್ಲಿ ಹಿಡಿದು

‘ಸರ್ಕಾರದ ಲೈಸೆನ್ಸ್ ಇದೆಯಲ್ಲ, ಸುಮ್ನೆ ಕೊಡ್ತಾರಾ?’ ಈ ಪ್ರಶ್ನೆ ತಪ್ಪಲ್ಲ. ಉತ್ತರ ಬೇಕಾದರೆ ಒಂದು ಬಾಟಲಿ ತಿರುಗಿಸಿ ನೋಡಬೇಕು.

ಮುಂದೆ ಹಸಿರು ಎಲೆಯ ಚಿತ್ರ, ದೊಡ್ಡಕ್ಷರದಲ್ಲಿ ಹೆಸರು. ಹಿಂದೆ ಸಣ್ಣಕ್ಷರದಲ್ಲಿ ಏನೇನು ಬೆರೆಸಿದೆ ಎಂಬ ಪಟ್ಟಿ, ಬ್ಯಾಚ್ ನಂಬರ್, ತಯಾರಿಸಿದ ತಿಂಗಳು. ಅದರ ಹತ್ತಿರವೇ ಒಂದು ಲೈಸೆನ್ಸ್ ನಂಬರ್. ಅದು 14 ಅಂಕಿಗಳ ಎಫ್‌ಎಸ್‌ಎಸ್‌ಎಐ ನಂಬರ್ ಆಗಿದ್ದರೆ ಅಲ್ಲಿಗೆ ವಿಷಯ ಮುಗಿಯಿತು. ಅದು ಆಹಾರ ಪದಾರ್ಥದ ಲೈಸೆನ್ಸ್. ಹಪ್ಪಳ, ಉಪ್ಪಿನಕಾಯಿಗೂ ಅದೇ ನಂಬರ್ ಇರುತ್ತದೆ. ಆಹಾರ ಅಂತ ಮಾರುವ ಪುಡಿಯನ್ನು ಕಾಯಿಲೆ ವಾಸಿ ಮಾಡುತ್ತದೆ ಅಂತ ಹೇಳಿ ಮಾರುವಂತಿಲ್ಲ.

ಅದು ಆಯುರ್ವೇದ ಅಥವಾ ಯುನಾನಿ ಔಷಧದ ಲೈಸೆನ್ಸ್ ಆಗಿದ್ದರೆ ಮಾತು ಬೇರೆ. ಆಗಲೂ ಅದರ ಅರ್ಥ ಸೀಮಿತ. ತ್ರಿಫಲಾ ಚೂರ್ಣದಂಥ ಹಳೆಯ ಔಷಧವನ್ನು ಶಾಸ್ತ್ರಗ್ರಂಥದಲ್ಲಿ ಇರುವ ಹಾಗೆಯೇ ತಯಾರಿಸಿದರೆ ಆ ಗ್ರಂಥವೇ ಆಧಾರ. ರೋಗಿಗಳ ಮೇಲೆ ಪರೀಕ್ಷೆ ಮಾಡಿ ತೋರಿಸಬೇಕಿಲ್ಲ. ಕಂಪನಿ ತನ್ನದೇ ಹೊಸ ಬೆರಕೆ ಮಾಡಿದರೆ ಅದರಲ್ಲಿನ ವಸ್ತುಗಳು ಆ ಗ್ರಂಥಗಳಲ್ಲಿ ಇರಬೇಕು. ಪರಿಣಾಮಕ್ಕೆ ಪುರಾವೆ ಅಂತ ಕೇಳುವುದು ಪ್ರಕಟವಾದ ಬರಹ, ಇಲ್ಲವೇ ಒಂದು ಸಣ್ಣ ಪ್ರಯೋಗ. ಹೊಸ ಅಲೋಪಥಿ ಔಷಧ ಮಾರುಕಟ್ಟೆಗೆ ಬರುವ ಮೊದಲು ಹಂತ ಹಂತವಾಗಿ ನೂರಾರು, ಸಾವಿರಾರು ಜನರ ಮೇಲೆ ನಡೆಯುವ ಪರೀಕ್ಷೆಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಆ ನಂಬರ್ ಹೇಳುವುದು ಇಷ್ಟು: ಈ ಪದಾರ್ಥ ತಯಾರಿಸಲು ಈ ಕಾರ್ಖಾನೆಗೆ ಅನುಮತಿ ಇದೆ. ನಿಮ್ಮ ಶುಗರ್ ಹೋಗುತ್ತದೆ ಅಂತ ಯಾರೋ ಪರೀಕ್ಷಿಸಿ ಮುದ್ರೆ ಒತ್ತಿದ್ದಾರೆ ಅಂತ ಅದು ಹೇಳುವುದಿಲ್ಲ. ಜನರಿಗೆ ಮಾತ್ರ ಅದು ಹಾಗೆಯೇ ಕೇಳಿಸುತ್ತದೆ. ಗೊಂದಲದ ಬೇರು ಇರುವುದೇ ಇಲ್ಲಿ.

ಹೆದ್ದಾರಿ ಟೆಂಟಿನಲ್ಲಿ ಗಾಜಿನ ಭರಣಿಯಿಂದ ತೆಗೆದು ಕಾಗದದಲ್ಲಿ ಕಟ್ಟಿಕೊಡುವ ಪುಡಿಗೆ ಈ ನಂಬರೂ ಇಲ್ಲ.

ಕಾಮಣಿ ಇಳಿಸಿದ್ದು ಯಾರು?

‘ನಮ್ಮೂರಲ್ಲಿ ಎಷ್ಟೋ ಜನಕ್ಕೆ ಗುಣ ಆಗಿದೆ.’ ಎಲ್ಲಕ್ಕಿಂತ ಗಟ್ಟಿಯಾದ ವಾದ ಇದು. ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕಿದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಯಾಕೆಂದರೆ ಗುಣ ಆಗಿದ್ದು ನಿಜ. ಪ್ರಶ್ನೆ ಇರುವುದು ಯಾವುದರಿಂದ ಎನ್ನುವುದರಲ್ಲಿ.

ನಮ್ಮ ಕಡೆ ನಾಟಿ ಔಷಧ ಅಂದಕೂಡಲೇ ನೆನಪಾಗುವುದು ಕಾಮಣಿ, ಅಂದರೆ ಕಾಮಾಲೆ. ಅದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಎಂಬ ವೈರಸ್‌ಗಳು ಇದಕ್ಕೆ ಸಾಮಾನ್ಯ ಕಾರಣ. ಮೊದಲು ಜ್ವರ, ವಾಕರಿಕೆ. ಊಟ ಸೇರುವುದಿಲ್ಲ. ಮೈಕೈ ಸೋಲುತ್ತದೆ. ಇದು ಏನೆಂದು ಮನೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ಕೆಲವು ದಿನ ಕಳೆದ ಮೇಲೆ ಕಣ್ಣು ಹಳದಿ, ಮೂತ್ರ ಹಳದಿ. ಆಗ ಗೊತ್ತಾಗುತ್ತದೆ. ಆದರೆ ಕಣ್ಣು ಹಳದಿಯಾಗುವ ಹೊತ್ತಿಗೆ ದೇಹ ಆ ವೈರಸ್ ಜೊತೆಗಿನ ಕಾದಾಟದಲ್ಲಿ ಅರ್ಧ ದಾರಿ ಸಾಗಿರುತ್ತದೆ. ಆ ದಿನವೇ ಔಷಧ ಕೊಡುವವರ ಮನೆಗೆ ಹೋಗುತ್ತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಮೂರು ದಿನ ರಸ ಕುಡಿಯಬೇಕು, ಎಣ್ಣೆ ಖಾರ ಬಿಡಬೇಕು. ವಾರ ಎರಡು ವಾರದಲ್ಲಿ ಹಸಿವು ಬರುತ್ತದೆ. ಮೆಲ್ಲಗೆ ಕಣ್ಣಿನ ಹಳದಿಯೂ ಇಳಿಯುತ್ತದೆ. ರಸ ಕುಡಿಯದಿದ್ದರೂ ಬಹುಪಾಲು ಜನರಲ್ಲಿ ಅದು ಇಳಿಯುತ್ತಿತ್ತು. ಈ ಎರಡು ವೈರಸ್‌ಗಳ ಕಾಮಣಿ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿ ವಾಸಿಯಾಗುವ ಕಾಯಿಲೆ. ಆಸ್ಪತ್ರೆಯಲ್ಲೂ ಅದಕ್ಕೆ ವಿಶೇಷ ಮಾತ್ರೆಯಿಲ್ಲ. ವಿಶ್ರಾಂತಿ, ನೀರು, ಊಟ, ನಿಗಾ.

ಹಾಗಾದರೆ ರಸ ಕುಡಿದರೆ ನಷ್ಟ ಏನು? ನಷ್ಟ ಇರುವುದು ಉಳಿದ ಕಾಮಣಿಗಳಲ್ಲಿ. ಪಿತ್ತಕೋಶದ ಹರಳು ನಾಳಕ್ಕೆ ಅಡ್ಡ ಬಂದರೂ ಕಣ್ಣು ಹಳದಿಯಾಗುತ್ತದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಲ್ಲೂ ಆಗುತ್ತದೆ. ಹೆಪಟೈಟಿಸ್ ಬಿ, ಕುಡಿತದಿಂದ ಹಾಳಾದ ಲಿವರ್, ಕ್ಷಯದ ಮಾತ್ರೆಯ ಅಡ್ಡ ಪರಿಣಾಮ, ಎಲ್ಲದರಲ್ಲೂ ಅದೇ ಹಳದಿ. ತುಂಬು ಬಸುರಿಗೆ ಹೆಪಟೈಟಿಸ್ ಇ ಬಂದರೆ ಜೀವಕ್ಕೇ ಅಪಾಯ. ಕಣ್ಣು ನೋಡಿ ಯಾವ ಕಾಮಣಿ ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ. ರಕ್ತ ಪರೀಕ್ಷೆ, ಸ್ಕ್ಯಾನ್ ಬೇಕು. ರಸ ಕುಡಿಯುತ್ತ, ಅಥವಾ ಕೈಗೆ ಬರೆ ಹಾಕಿಸಿಕೊಂಡು, ಕಳೆಯುವ ಎರಡು ಮೂರು ವಾರ ಇಂಥವರಿಗೆ ಬಹಳ ದುಬಾರಿ.

ಕಾಮಣಿ ಗಿಡವನ್ನು ಯಾರೂ ಪರೀಕ್ಷೆ ಮಾಡಿಯೇ ಇಲ್ಲ ಅಂದುಕೊಳ್ಳಬೇಡಿ. ಹೊಲದ ಬದುವಿನಲ್ಲಿ ಬೆಳೆಯುವ ನೆಲನೆಲ್ಲಿಯನ್ನು ಮದ್ರಾಸಿನ ಸಂಶೋಧಕರು ಹೆಪಟೈಟಿಸ್ ಬಿ ಇದ್ದವರಿಗೆ ಕೊಟ್ಟು ನೋಡಿದರು. 1988ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಗಿಡದ ಪುಡಿ ತಿಂದ 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್‌ನ ಗುರುತು ಮಾಯವಾಗಿತ್ತು. ಸುಮ್ಮನೆ ಹುಸಿ ಪುಡಿ ತಿಂದ 23 ಜನರಲ್ಲಿ ಒಬ್ಬರಿಗೆ ಮಾತ್ರ ಹಾಗಾಗಿತ್ತು. ಎಂಥ ಸಿಹಿಸುದ್ದಿ ಅಲ್ವಾ? ಜಗತ್ತಿನ ಬೇರೆ ಕಡೆಯವರೂ ಆಸೆಯಿಂದ ಅದೇ ಪ್ರಯೋಗ ಮಾಡಿದರು. ಆ ಫಲಿತಾಂಶ ಅವರಿಗೆ ಮತ್ತೆ ಸಿಗಲಿಲ್ಲ. ಒಂದು ಸಲ ಕಂಡದ್ದನ್ನು ಮತ್ತೆ ಮತ್ತೆ ನೋಡಬೇಕು ಎನ್ನುವುದು ಇದಕ್ಕೇ. ದೊಡ್ಡ ಪತ್ರಿಕೆಯಲ್ಲಿ ಬಂದ ಅಧ್ಯಯನಕ್ಕೇ ಈ ಗತಿಯಾದರೆ, ‘ನಮ್ಮ ಓಣಿಯಲ್ಲಿ ನಾಲ್ಕು ಜನಕ್ಕೆ ಗುಣ ಆಯಿತು’ ಎನ್ನುವ ಸಾಕ್ಷಿಯ ಮೇಲೆ ಎಷ್ಟು ಭಾರ ಹಾಕಲು ಸಾಧ್ಯ?

ನಾಯಿ ಕಡಿತದಲ್ಲಿ ಇದೇ ಲೆಕ್ಕ ಇನ್ನೂ ಭಯಂಕರ. ಕಚ್ಚುವ ಎಲ್ಲ ನಾಯಿಗಳಿಗೂ ಹುಚ್ಚು ಇರುವುದಿಲ್ಲ. ಆದ್ದರಿಂದ ನಾಟಿ ಔಷಧ ತೆಗೆದುಕೊಂಡ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಔಷಧದ ಹೆಸರು ಊರೂರಿಗೆ ಹಬ್ಬುತ್ತದೆ. ನಿಜವಾಗಿ ರೇಬಿಸ್ ಇದ್ದ ನಾಯಿ ಕಚ್ಚಿದವರಿಗೆ ಕೆಲವು ವಾರ ಅಥವಾ ತಿಂಗಳುಗಳ ನಂತರ ಲಕ್ಷಣ ಕಾಣಿಸುತ್ತದೆ. ಆಮೇಲೆ ಬದುಕಿ ಉಳಿಯುವವರು ಇಲ್ಲ ಎನ್ನುವಷ್ಟು ಕಡಿಮೆ. ಸತ್ತವರು ಬಂದು ಆ ಔಷಧದ ವಿರುದ್ಧ ಸಾಕ್ಷಿ ಹೇಳುವುದಿಲ್ಲ. ಕಚ್ಚಿದ ಕೂಡಲೇ ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯುವುದು, ಅವತ್ತೇ ಲಸಿಕೆ ಶುರು ಮಾಡುವುದು, ಇದಕ್ಕೆ ಬದಲಿ ಇಲ್ಲ. ತೊಗರಿ ಹೊಲದಲ್ಲಿ ಹಾವು ಕಚ್ಚಿದಾಗಲೂ ಹೀಗೇ. ವಿಷವಿಲ್ಲದ ಹಾವಿನ ಕಡಿತ, ವಿಷ ಮೈಗೆ ಸೇರದ ಕಡಿತಗಳೇ ಬೇರಿನ ಔಷಧಕ್ಕೆ ಹೆಸರು ತಂದುಕೊಟ್ಟಿವೆ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ ಕರ್ನಾಟಕ 2024ರ ಫೆಬ್ರುವರಿಯಲ್ಲಿ ಆದೇಶ ಮಾಡಿತು. ಎಷ್ಟು ಜನ ತಡವಾಗಿ ಬರುತ್ತಾರೆ ಅನ್ನುವುದು ಇನ್ನಾದರೂ ದಾಖಲೆಗೆ ಸಿಗಬೇಕು.

ಲಕ್ವಾದಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳು ಒಂದೇ ಹೆಸರಿನಲ್ಲಿ ಅಡಗಿವೆ. ಮುಖದ ಒಂದು ಬದಿ ಮಾತ್ರ ಸೊಟ್ಟಗಾಗುವ ಒಂದು ಬಗೆಯಲ್ಲಿ ತೊಂದರೆ ಮುಖದ ನರದ್ದು. ಬಹಳಷ್ಟು ಜನರಲ್ಲಿ ಅದು ಕೆಲವು ವಾರ, ತಿಂಗಳಲ್ಲಿ ತಾನೇ ಸರಿಯಾಗುತ್ತದೆ. ಕೈಕಾಲು ಬಿದ್ದುಹೋಗಿ ಮಾತು ತೊದಲುವುದು ಮೆದುಳಿನ ರಕ್ತನಾಳದ ತೊಂದರೆ. ರಕ್ತ ಹೆಪ್ಪುಗಟ್ಟಿ ಹೀಗಾಗಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಆದರೆ ಅದನ್ನು ಕೊಡಬಹುದಾದ್ದು ನಾಲ್ಕೂವರೆ ಗಂಟೆಯ ಒಳಗೆ. ಯಾವ ಲಕ್ವಾ ಅಂತ ಮನೆಯಲ್ಲಿ ತೀರ್ಮಾನಿಸಲು ಕೂರುವ ಹೊತ್ತು ಅದಲ್ಲ. ಲಕ್ವಾದ ಔಷಧ ಸಿಗುವ ಊರಿಗೆ ಗಾಡಿ ಮಾಡಿಕೊಂಡು ಹೋಗುವಷ್ಟರಲ್ಲಿ ಆ ಗಂಟೆಗಳು ಮುಗಿದಿರುತ್ತವೆ.

ಕೀಲುನೋವು, ದಮ್ಮು ಒಂದೇ ವಾರದಲ್ಲಿ ಮಾಯವಾದರೆ ಅನುಮಾನ ಪಡಬೇಕು. ಗಿಡಮೂಲಿಕೆ ಅಂತ ಮಾರುವ ಪುಡಿ, ಮಾತ್ರೆಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ದೇಶ ವಿದೇಶಗಳ ಲ್ಯಾಬ್ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಶುಗರ್ ಪುಡಿಯಲ್ಲಿ ಅಲೋಪಥಿಯ ಶುಗರ್ ಮಾತ್ರೆಯನ್ನೇ ಅರೆದು ಹಾಕಿದ್ದೂ ಸಿಕ್ಕಿದೆ. ನೋವು ಹೋಗುತ್ತದೆ, ಮುಖ ತುಂಬಿಕೊಳ್ಳುತ್ತದೆ. ‘ಮೈಗೆ ಹತ್ತಿದೆ’ ಅಂತ ಮನೆಯವರಿಗೆ ಖುಷಿ. ಒಳಗೆ ಮೂಳೆ ಸವೆಯುತ್ತಿರುತ್ತದೆ, ಸಕ್ಕರೆ ಏರುತ್ತಿರುತ್ತದೆ.

ಗಿಡದಲ್ಲಿ ಗುಣ ಇಲ್ಲ ಅಂತಲ್ಲ

ಅಂಗಳದಲ್ಲಿ ಬೆಳೆಯುವ ಸದಾಪುಷ್ಪದಿಂದಲೇ ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಕೊಡುವ ವಿನ್‌ಕ್ರಿಸ್ಟಿನ್ ಬಂದಿದೆ. ಅದರ ಕತೆಯೇ ಒಂದು ಪಾಠ. ಆ ಗಿಡಕ್ಕೆ ಸಕ್ಕರೆ ಕಾಯಿಲೆಯ ಔಷಧ ಎನ್ನುವ ಹೆಸರಿತ್ತು. 1950ರ ದಶಕದಲ್ಲಿ ಕೆನಡಾದ ಸಂಶೋಧಕರು ಅದನ್ನೇ ಪರೀಕ್ಷಿಸಲು ಹೊರಟರು. ಸಕ್ಕರೆ ಇಳಿಯಲಿಲ್ಲ. ಬದಲಿಗೆ ಇಲಿಗಳ ಬಿಳಿ ರಕ್ತಕಣ ಕಡಿಮೆಯಾದವು. ಆ ಸುಳಿವು ಹಿಡಿದು ನಡೆದ ಕೆಲಸದಿಂದ ಕ್ಯಾನ್ಸರ್ ಔಷಧ ಸಿಕ್ಕಿತು. ಅದರ ಒಂದು ಗ್ರಾಂ ತೆಗೆಯಲು ಒಣಗಿದ ಎಲೆ ನೂರಾರು ಕಿಲೋ ಬೇಕು. ಸದಾಪುಷ್ಪದ ಎಲೆ ಅರೆದು ಕುಡಿದರೆ ಕ್ಯಾನ್ಸರ್ ಹೋಗುತ್ತದೆ ಅಂತ ಇದರಿಂದ ಅರ್ಥ ಮಾಡಿಕೊಂಡರೆ ಎಡವಟ್ಟಾಗುತ್ತದೆ. ಒಂದು ಕಷಾಯದಲ್ಲಿ ಆ ಅಂಶ ಎಷ್ಟಿದೆ ಅಂತ ಅಳೆಯಲು ಆಗುವುದಿಲ್ಲ. ಉಳಿದ ಅಂಶಗಳು ಮೈಗೆ ವಿಷವಾಗಬಹುದು.

ಬಿಪಿಗೆ ಸರ್ಪಗಂಧ ಕೆಲಸ ಮಾಡುತ್ತದೆ ಅಂತ ಜಗತ್ತಿಗೆ ತೋರಿಸಿದ್ದು ಭಾರತದ ವೈದ್ಯರೇ, 1931ರಲ್ಲಿ ಮತ್ತು 1949ರಲ್ಲಿ. ಚೀನಾದ ಟೂ ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂದದ್ದು ಗಿಡವೊಂದರಿಂದ ಮಲೇರಿಯಾ ಔಷಧ ತೆಗೆದದ್ದಕ್ಕೆ. ಗಿಡ ಬೇಡ ಎನ್ನುವ ಜಗಳ ಇಲ್ಲಿಲ್ಲ. ಅಳೆದು ನೋಡಿದಿರಾ ಎನ್ನುವುದಷ್ಟೇ ಪ್ರಶ್ನೆ.

‘ನೈಸರ್ಗಿಕ, ಸೈಡ್ ಎಫೆಕ್ಟ್ ಇಲ್ಲ’ ಎನ್ನುವ ಮಾತಿಗೆ ಹೆದ್ದಾರಿ ನಡುವಿನ ಕಣಗಿಲೆ, ತಿಪ್ಪೆ ಪಕ್ಕದ ದತ್ತೂರಿ ಸಾಕು. ಎರಡೂ ನೈಸರ್ಗಿಕವೇ. ಈಶ್ವರಬಳ್ಳಿಯ ಜಾತಿಯ ಗಿಡಗಳಲ್ಲಿರುವ ಒಂದು ಆಮ್ಲ ಕಿಡ್ನಿ ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗುಳಿಗೆಯಲ್ಲಿ ಆ ಜಾತಿಯ ಗಿಡ ಸೇರಿ ನೂರಕ್ಕೂ ಜಾಸ್ತಿ ಜನರ ಕಿಡ್ನಿ ಹಾಳಾಯಿತು. ಲೋಹ ಸುಟ್ಟು ಮಾಡುವ ಭಸ್ಮ, ಕುಶ್ತಾಗಳ ವಿಷಯ ಇನ್ನೊಂದು. ಅಮೆರಿಕದ ಸಂಶೋಧಕರು ಇಂಟರ್‌ನೆಟ್‌ನಲ್ಲಿ ಮಾರುವ 193 ಆಯುರ್ವೇದ ಉತ್ಪನ್ನ ತರಿಸಿ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಅವುಗಳಲ್ಲಿ ಭಾರತದಲ್ಲಿ ತಯಾರಾದವೂ ಇದ್ದವು, ಅಮೆರಿಕದಲ್ಲೇ ತಯಾರಾದವೂ ಇದ್ದವು.

ಆದರೂ ನನ್ನ ಪ್ರಕಾರ ಅತಿ ದೊಡ್ಡ ಹಾನಿ ಪುಡಿಯೊಳಗಿನ ವಿಷದಿಂದ ಆಗುವುದಲ್ಲ. ಕಳೆದುಹೋದ ದಿನಗಳಿಂದ ಆಗುವುದು. ಅಮೆರಿಕದಲ್ಲೇ 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನೋಡಿ. ಇನ್ನೂ ಬೇರೆ ಅಂಗಗಳಿಗೆ ಹರಡದ ಕ್ಯಾನ್ಸರ್ ಇದ್ದು, ಆಸ್ಪತ್ರೆ ಚಿಕಿತ್ಸೆ ಬಿಟ್ಟು ಬರೀ ಪರ್ಯಾಯ ಔಷಧ ನಂಬಿದ 281 ಜನರನ್ನು ಅದರಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಆಸ್ಪತ್ರೆ ಚಿಕಿತ್ಸೆ ಪಡೆದವರಿಗೆ ಹೋಲಿಸಿದರೆ ಇವರು ಸಾಯುವ ಅಪಾಯ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರ್‌ನಲ್ಲಿ ಐದು ಪಟ್ಟಿಗೂ ಮೇಲೆ. ಗುಟ್ಕಾ ಜಗಿಯುವವರ ಬಾಯಲ್ಲಿ ಎರಡು ಮೂರು ವಾರ ಕಳೆದರೂ ಮಾಯದ ಹುಣ್ಣಿಗೆ ಲೇಪ ಹಚ್ಚಿ ಕೂರುವ ಮನೆಗಳು ನಮ್ಮ ಜಿಲ್ಲೆಗಳಲ್ಲಿ ಎಷ್ಟಿಲ್ಲ? ಆ ಹುಣ್ಣಿನ ಚೂರು ತೆಗೆದು ಪರೀಕ್ಷೆ ಮಾಡಿಸಲು ತಡ ಮಾಡಿದ ಪ್ರತಿ ತಿಂಗಳೂ ಆಪರೇಷನ್ ದೊಡ್ಡದಾಗುತ್ತ ಹೋಗುತ್ತದೆ.

ಚರಕ ಸಂಹಿತೆ ಹೀಗೆ ಹೇಳುವುದಿಲ್ಲ

ಇದನ್ನು ಆಯುರ್ವೇದ ಮತ್ತು ಅಲೋಪಥಿಯ ಜಗಳ ಅಂತ ತೋರಿಸುವುದರಿಂದ ಲಾಭ ಯಾರಿಗೆ? ಸುಳ್ಳು ಜಾಹೀರಾತಿನವರಿಗೇ. ಯಾಕೆಂದರೆ ಹಳೆಯ ಆಯುರ್ವೇದ ಹೀಗೆ ಮಾತಾಡುವುದಿಲ್ಲ. ಅದು ರೋಗಗಳನ್ನು ಮೊದಲೇ ವಿಂಗಡಿಸುತ್ತದೆ: ಸುಲಭವಾಗಿ ವಾಸಿಯಾಗುವವು, ಕಷ್ಟಪಟ್ಟರೆ ವಾಸಿಯಾಗುವವು, ವಾಸಿಯಾಗದೆ ಹತೋಟಿಯಲ್ಲಿ ಮಾತ್ರ ಇಡಬಹುದಾದವು, ಕೈಬಿಡಬೇಕಾದವು. ವಾಸಿಯಾಗದ ರೋಗಕ್ಕೆ ಕೈಹಾಕುವ ವೈದ್ಯ ಹಣ, ವಿದ್ಯೆ, ಹೆಸರು ಮೂರನ್ನೂ ಕಳೆದುಕೊಳ್ಳುತ್ತಾನೆ ಎನ್ನುತ್ತದೆ ಚರಕ ಸಂಹಿತೆ. ಮಧುಮೇಹವನ್ನು ಅದೇ ಗ್ರಂಥ ಅಸಾಧ್ಯ ರೋಗಗಳ ಸಾಲಿನಲ್ಲಿ ಇಟ್ಟಿದೆ. ‘ಆಯುರ್ವೇದದಿಂದ ಶುಗರ್ ಬುಡಸಮೇತ ಮಾಯ’ ಎನ್ನುವ ಬರಹ ಆಯುರ್ವೇದಕ್ಕೇ ಅಪಚಾರ.

ಐದೂವರೆ ವರ್ಷ ಓದಿ ಬಂದ ಬಿಎಎಂಎಸ್ (ಆಯುರ್ವೇದ), ಬಿಯುಎಂಎಸ್ (ಯುನಾನಿ) ವೈದ್ಯರು ಕಲಬುರಗಿ, ಬೀದರ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ. ಇಲ್ಲಿ ಆಯುರ್ವೇದ ಕಾಲೇಜುಗಳಿವೆ. ಯುನಾನಿಗೆ ದಖ್ಖನಿ ಮಣ್ಣಿನಲ್ಲಿ ಹಳೆಯ ಬೇರಿದೆ. ಅಜೀರ್ಣ, ಚರ್ಮದ ತುರಿಕೆ, ಹಳೆಯ ಕೀಲುನೋವಿಗೆ ಅವರ ಬಳಿ ಹೋಗಿ ಸಮಾಧಾನ ಕಂಡವರಿಗೆ ಈ ಲೇಖನ ಏನೂ ತಕರಾರು ಮಾಡುತ್ತಿಲ್ಲ. ಗೋಡೆ ಬರಹದವರು ಇವರ ಓದಿನ ಮರ್ಯಾದೆಯನ್ನೂ ಕದಿಯುತ್ತಿದ್ದಾರೆ.

ಜನ ಯಾಕೆ ಹೋಗುತ್ತಾರೆ

ಬರೀ ಅಜ್ಞಾನದಿಂದ ಅಂತ ಹೇಳುವುದು ಅನ್ಯಾಯ. ಬೆಂಗಳೂರು ಕಲಬುರಗಿಯಿಂದ ಸುಮಾರು 600 ಕಿಲೋಮೀಟರ್. ದೊಡ್ಡ ಕಾಯಿಲೆ ಅಂದರೆ ಈ ಭಾಗದವರು ಬಹುಕಾಲದಿಂದ ಸೊಲ್ಲಾಪುರ, ಹೈದರಾಬಾದ್ ದಾರಿ ಹಿಡಿದವರು. ಹೋಗಿಬರುವ ಖರ್ಚು, ಕೂಲಿ ನಷ್ಟ, ಅಲ್ಲಿ ಉಳಿಯುವ ಜಾಗ. ಅದೆಲ್ಲ ಸೇರಿದಾಗ ನೂರು ಇನ್ನೂರು ರೂಪಾಯಿಯ ಪುಡಿ ದೊಡ್ಡ ಆಸೆ ಹುಟ್ಟಿಸುತ್ತದೆ. ದವಾಖಾನೆಯ ಉದ್ದ ಸಾಲಿನಲ್ಲಿ ಡಾಕ್ಟರಿಗೆ ಸಿಗುವುದು ಎರಡು ನಿಮಿಷ. ಔಷಧ ಕೊಡುವವರು ಜೊತೆಗೆ ಕೂತು ಹೆಸರು ಕೇಳುತ್ತಾರೆ, ಕೈ ಹಿಡಿದು ನೋಡುತ್ತಾರೆ, ‘ಅಂಜಬ್ಯಾಡ್ರಿ, ಆರಾಮ ಆಗ್ತದ’ ಎನ್ನುತ್ತಾರೆ. ಆ ಮಾತಿಗೆ ಬೆಲೆ ಇದೆ. ಗರ್ಭಕೋಶದ, ಸ್ತನದ ತೊಂದರೆಯನ್ನು ಗಂಡಸು ಡಾಕ್ಟರ ಮುಂದೆ ಹೇಳಲಾರದ ಹೆಣ್ಣುಮಕ್ಕಳು ಊರಿನ ಔಷಧವನ್ನೇ ಆರಿಸಿಕೊಳ್ಳುತ್ತಾರೆ.

ಆದರೆ ಪರಿಸ್ಥಿತಿ ಹತ್ತು ವರ್ಷದ ಹಿಂದಿನಂತಿಲ್ಲ. ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರ ಕಲಬುರಗಿಯಲ್ಲೇ ಇದೆ. ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಹೊಸ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಮೂರೂ ಜಿಲ್ಲೆಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಬಿಪಿಎಲ್ ಕಾರ್ಡ್ ಇದ್ದ ಮನೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಕ್ಷಯಕ್ಕೆ ಮಾತ್ರೆ ಉಚಿತ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ. ಅಗ್ಗ ಅಂತ ನಂಬಿ ಪುಡಿ ಕೊಳ್ಳುವವರಿಗೆ ಈ ಲೆಕ್ಕವನ್ನು ಮನೆ ಬಾಗಿಲಿಗೆ ಹೋಗಿ ಹೇಳಬೇಕು.

ಮುಂದೇನಾಗಬಹುದು

ಮೊದಲ ಪರಿಣಾಮ ಈಗಾಗಲೇ ಹೇಳಿದ್ದು: ಕಾವಲು ಮುಂಬಾಗಿಲಿನಿಂದ ಹಿತ್ತಲಿಗೆ ಹೋಗಿದೆ. ಪತ್ರಿಕೆ, ಟಿವಿಯಲ್ಲಿ ಕಂಪನಿಗಳು ‘ವಾಸಿ ಮಾಡುತ್ತದೆ’ ಎನ್ನುವ ಬದಲು ‘ಸಹಾಯ ಮಾಡುತ್ತದೆ’, ‘ಬೆಂಬಲ ನೀಡುತ್ತದೆ’ ಎನ್ನುವ ಜಾರು ಮಾತು ಜಾಸ್ತಿ ಬಳಸುವ ಸಾಧ್ಯತೆ ಇದೆ. ಕಾನೂನಿನ ಗೆರೆ ದಾಟಿಲ್ಲ ಅಂತ ವಾದಿಸಬಹುದು, ಓದುವವರಿಗೆ ಅರ್ಥ ಮಾತ್ರ ಅದೇ ಆಗುತ್ತದೆ. ಯೂಟ್ಯೂಬ್ ವಿಡಿಯೊಗಳಲ್ಲಿ ಈ ಜಾರು ಮಾತಿನ ಮುಲಾಜೂ ಇಲ್ಲ.

ಎರಡನೆಯದು, 1954ರ ಕಾಯ್ದೆ ಎಷ್ಟು ಚುರುಕಾಗುತ್ತದೆ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಇದೇ ಪ್ರಕರಣದಲ್ಲಿ 2025ರ ಮಾರ್ಚ್ 26ರಂದು ಸುಪ್ರೀಂ ಕೋರ್ಟ್ ಒಂದು ಒಳ್ಳೆಯ ಆದೇಶ ಕೊಟ್ಟಿತ್ತು. ಈ ಕಾಯ್ದೆ ಜಾರಿಗೆ ಪ್ರತಿ ರಾಜ್ಯವೂ ಒಂದು ತಿಂಗಳಲ್ಲಿ ಗೆಜೆಟೆಡ್ ಅಧಿಕಾರಿಗಳನ್ನು ನೇಮಿಸಬೇಕು, ಎರಡು ತಿಂಗಳಲ್ಲಿ ಜನ ದೂರು ಕೊಡಲು ವ್ಯವಸ್ಥೆ ಮಾಡಬೇಕು ಅಂತ. ಮೇ ತಿಂಗಳಲ್ಲಿ ಆಯುಷ್ ಸಚಿವಾಲಯ ‘ಆಯುಷ್ ಸುರಕ್ಷಾ’ ಎಂಬ ಪೋರ್ಟಲ್ ತೆರೆಯಿತು. ಸುಳ್ಳು ಜಾಹೀರಾತು, ಔಷಧದ ಅಡ್ಡ ಪರಿಣಾಮ ಎರಡನ್ನೂ ಅಲ್ಲಿ ತಿಳಿಸಬಹುದು. ಗ್ರಾಹಕ ರಕ್ಷಣಾ ಕಾಯ್ದೆ ಇನ್ನೊಂದು ದಾರಿ. ದಾರಿ ತಪ್ಪಿಸುವ ಜಾಹೀರಾತಿಗೆ ಅದರಲ್ಲಿ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಇದೆ. ದೂರು ಕೊಡುವವರು ಜಾಹೀರಾತಿನ ಫೋಟೊ, ಕಂಡ ದಿನ, ಸ್ಥಳ, ಬಾಟಲಿಯ ಲೈಸೆನ್ಸ್ ಮತ್ತು ಬ್ಯಾಚ್ ನಂಬರ್ ಇಟ್ಟುಕೊಂಡರೆ ಅಧಿಕಾರಿಗೆ ನುಣುಚಿಕೊಳ್ಳಲು ಜಾಗ ಇರುವುದಿಲ್ಲ.

ಮೂರನೆಯದು ರೋಗಿ ಮತ್ತು ಡಾಕ್ಟರ ನಡುವಿನದು. ಬೈಯುತ್ತಾರೆ ಅನ್ನುವ ಅಂಜಿಕೆಗೆ ರೋಗಿಗಳು ಪುಡಿ ತಿನ್ನುವುದನ್ನು ಮುಚ್ಚಿಡುತ್ತಾರೆ. ಡಾಕ್ಟರು ಕೊಟ್ಟ ಬಿಪಿ, ಶುಗರ್ ಮಾತ್ರೆಯ ಜೊತೆ ಆ ಪುಡಿ ಸೇರಿ ಸಕ್ಕರೆ ದಿಢೀರ್ ಕುಸಿಯಬಹುದು, ಕಿಡ್ನಿಗೆ ಪೆಟ್ಟು ಬೀಳಬಹುದು. 2020ರ ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದ ಆರು ಜನರ ಲಿವರ್ ಕೆಟ್ಟಿದ್ದನ್ನು ಮುಂಬೈ ವೈದ್ಯರು ಪತ್ತೆ ಹಚ್ಚಿದ್ದು ಏನೇನು ಕುಡಿದಿರಿ ಅಂತ ಬಿಡದೆ ಕೇಳಿದ್ದರಿಂದ. ಅದು ಅಮೃತಬಳ್ಳಿಯೇ ಹೌದಾ ಎಂಬ ಬಗ್ಗೆ ಆಯುಷ್ ಸಚಿವಾಲಯ ತಕರಾರು ತೆಗೆಯಿತು. ಆ ತಕರಾರು ಬಗೆಹರಿಯಬೇಕಾದರೂ ರೋಗಿ ತಿಂದ ವಸ್ತು ಕೈಯಲ್ಲಿ ಇರಬೇಕು.

ಆದ್ದರಿಂದ ಈಗಾಗಲೇ ಇಂಥದ್ದೇನಾದರೂ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರ ಬಳಿ ಹೋಗುವಾಗ ಬಾಟಲಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ. ಲೇಬಲ್ ಇಲ್ಲದ ಪುಡಿಯಾದರೆ ಒಂದು ಚಮಚದಷ್ಟನ್ನು ಅದೇ ಪೊಟ್ಟಣದಲ್ಲಿ ಕಟ್ಟಿ ಉಳಿಸಿಡಿ. ಲಿವರ್ ಯಾಕೆ ಕೆಟ್ಟಿತು ಅಂತ ಹುಡುಕುವ ದಿನ ಬಂದರೆ ಡಾಕ್ಟರಿಗೆ ಸಿಗುವ ಒಂದೇ ಸುಳಿವು ಅದಾಗಿರಬಹುದು.